60 ಲಕ್ಷದ ವಿಮೆ, 20 ಲಕ್ಷದ ನಷ್ಟ, 10.30 ಲಕ್ಷದ ಪರಿಹಾರ: ಈ ಲೆಕ್ಕ ಸರಿಯೇ?

ಪ್ರಶ್ನೆ: ನಮ್ಮ ಗೋದಾಮಿನ ಸರಕಿಗೆ 60 ಲಕ್ಷದ ಬೆಂಕಿ ವಿಮೆ ಮಾಡಿಸಿದ್ದೆವು. ವೈರಿಂಗ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. ಒಂದಷ್ಟು ಸರಕು ಸುಟ್ಟಿತು, ಇನ್ನೊಂದಷ್ಟು ಬೆಂಕಿ ಆರಿಸುವ ನೀರಿಗೆ ನೆನೆದು ಹೋಯಿತು. ಒಟ್ಟು 20 ಲಕ್ಷಕ್ಕೆ ಕ್ಲೇಮು ಹಾಕಿದೆವು. ನಷ್ಟ ಅಳೆಯಲು ಕಂಪನಿ ನೇಮಿಸಿದ ಸರ್ವೇಯರ್ ವರದಿಯಲ್ಲಿ 10.30 ಲಕ್ಷ ಎಂದಿದೆ. ಮಾರಾಟ ಬೆಲೆಯಿಂದ ಅಸಲಿಗೆ ಇಳಿಸಿ 17 ಲಕ್ಷ ಮಾಡಿದ್ದಾರೆ. ಹಳೆಯ ಸರಕು ಎಂದು 1 ಲಕ್ಷ, ಸಾಲ್ವೇಜ್ (ಹಾಳಾದ ಸರಕನ್ನು ಮಾರಿದರೆ ಬರುವ ಬೆಲೆ) ಎಂದು 1.60 ಲಕ್ಷ ತೆಗೆದಿದ್ದಾರೆ. ಗೋದಾಮಿನಲ್ಲಿ ಆ ದಿನ 80 ಲಕ್ಷದ ಸರಕಿತ್ತು ಎಂದು ಕಾಲು ಭಾಗ ಕಡಿತ, ಕೊನೆಗೆ ಎಕ್ಸೆಸ್ (ಕ್ಲೇಮಿನಲ್ಲಿ ನಾವೇ ಹೊರಬೇಕಾದ ಮೊತ್ತ) 50 ಸಾವಿರ. ಉಳಿದ ಸರಕಿನಲ್ಲೂ ಹಳೆಯದಿದೆ: ಅಸಲು 6 ಲಕ್ಷ, ಈಗ ಮಾರಿದರೆ 2 ಲಕ್ಷ ಬರಬಹುದು. 60 ಲಕ್ಷದ ಮಿತಿ ಇರುವಾಗ 20 ಲಕ್ಷ ಕೊಡಲು ಏನು ಅಡ್ಡಿ? ಸರ್ವೇಯರ್ ಯಾರ ಪರ? ಕಂಪನಿ ವೋಚರ್‌ಗೆ ಸಹಿ ಕೇಳುತ್ತಿದೆ. ಮಾಡಬಹುದೇ?

ಉತ್ತರ: ನಿಮ್ಮ 20 ಲಕ್ಷವೂ ಸರಿಯಿಲ್ಲ, ವರದಿಯ 80 ಲಕ್ಷವೂ ಸರಿ ಇದ್ದಂತಿಲ್ಲ. ಮೊದಲನೆಯದನ್ನು ನೀವು ಬಿಟ್ಟುಕೊಟ್ಟರೆ ಎರಡನೆಯದನ್ನು ಗಟ್ಟಿಯಾಗಿ ಪ್ರಶ್ನಿಸಬಹುದು, ಅದರಿಂದ ಇನ್ನೂ 72 ಸಾವಿರ ಬರುವ ದಾರಿಯಿದೆ. ಇಡೀ 20 ಲಕ್ಷ ಬರುವ ದಾರಿ ಇಲ್ಲ. ಯಾಕೆ ಎಂಬುದನ್ನು ಸರ್ವೇಯರ್ ಲೆಕ್ಕ ನಡೆಯುವ ಕ್ರಮದಲ್ಲೇ ನೋಡೋಣ. ಈ ಕೆಲಸದಲ್ಲಿ ಕ್ರಮ ಬದಲಾದರೆ ಮೊತ್ತವೇ ಬದಲಾಗುತ್ತದೆ.

ಕ್ಲೇಮು ಬಂದಾಗ ಮೊದಲು ಕೇಳುವ ಪ್ರಶ್ನೆ ನಷ್ಟ ಎಷ್ಟು ಎಂಬುದಲ್ಲ, ಈ ನಷ್ಟ ಈ ಪಾಲಿಸಿಯೊಳಗೆ ಬರುತ್ತದೆಯೇ ಎಂಬುದು. ಘಟನೆಯ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ, ಪಾಲಿಸಿಯಲ್ಲಿ ಬರೆದ ವಿಳಾಸದಲ್ಲೇ ಸರಕಿತ್ತೇ, ಸರಕು ನಿಮ್ಮದೇ ಅಥವಾ ಬೇರೆಯವರದನ್ನು ಇಟ್ಟುಕೊಂಡಿದ್ದಿರೇ, ನಷ್ಟ ತಂದ ಅಪಾಯ ಪಾಲಿಸಿಯಲ್ಲಿ ಇದೆಯೇ, ಅದನ್ನು ಹೊರಗಿಡುವ ಷರತ್ತೇನಾದರೂ ಇದೆಯೇ. ನಿಮ್ಮ ವರದಿ ಮೊತ್ತದವರೆಗೆ ಬಂದಿದೆ ಎಂದರೆ ಈ ಬಾಗಿಲುಗಳನ್ನೆಲ್ಲ ಅದು ದಾಟಿದೆ. ಎರಡರ ಬಗ್ಗೆ ಮಾತ್ರ ಹೇಳಬೇಕು, ಏಕೆಂದರೆ ನಿಮ್ಮಂಥ ಕ್ಲೇಮುಗಳು ಎಡವುವುದು ಅಲ್ಲೇ.

ಒಂದು, ಶಾರ್ಟ್ ಸರ್ಕ್ಯೂಟ್. ಹಲವು ಬೆಂಕಿ ಪಾಲಿಸಿಗಳಲ್ಲಿ ವಿದ್ಯುತ್ ದೋಷ ಹುಟ್ಟಿದ ಆ ಉಪಕರಣಕ್ಕೆ ಅಥವಾ ಆ ವೈರಿಂಗ್‌ಗೆ ಪರಿಹಾರವಿಲ್ಲ. ಅಲ್ಲಿಂದ ಹಬ್ಬಿದ ಬೆಂಕಿ ಸುಟ್ಟ ಉಳಿದೆಲ್ಲದಕ್ಕೂ ಇದೆ. ಹಾಗಾಗಿ ಸರಕಿನ ಕ್ಲೇಮಿಗೆ ತೊಂದರೆಯಿಲ್ಲ. ಕರಗಿದ ಸ್ವಿಚ್‌ಬೋರ್ಡಿನ ದುರಸ್ತಿಯನ್ನೂ ಅದೇ ಬಿಲ್ಲಿನಲ್ಲಿ ಸೇರಿಸಿದ್ದರೆ ಅದನ್ನು ತೆಗೆದುಬಿಡಿ.

ಎರಡು, ನೀರು. ನೆನೆದ ಸರಕಿಗೆ ಬೆಂಕಿ ತಗಲಿಲ್ಲ, ಆದರೂ ಅದು ಬೆಂಕಿಯ ನಷ್ಟವೇ. ವಿಮೆಯಲ್ಲಿ ಲೆಕ್ಕಕ್ಕೆ ಬರುವುದು ನಿಕಟ ಕಾರಣ. ಅಂದರೆ ಕೊನೆಯಲ್ಲಿ ನಡೆದದ್ದಲ್ಲ, ಪರಿಣಾಮದಲ್ಲಿ ಪ್ರಬಲವಾದದ್ದು. ಇದನ್ನು ಖಚಿತಪಡಿಸಿದ ತೀರ್ಪು ಒಂದು ಹಡಗಿನದು. 1915ರ ಜನವರಿಯಲ್ಲಿ ಇಕಾರಿಯಾ ಎಂಬ ಹಡಗಿಗೆ ಫ್ರಾನ್ಸಿನ ಲ ಹಾವ್ರ್ ಬಂದರಿನ ಸಮೀಪ ಟಾರ್ಪಿಡೊ ಬಡಿಯಿತು. ಹೇಗೋ ಬಂದರಿಗೆ ತಂದರು. ಬಿರುಗಾಳಿ ಎದ್ದಾಗ, ಇಲ್ಲೇ ಮುಳುಗಿ ದಕ್ಕೆಗೆ ಅಡ್ಡವಾದೀತು ಎಂದು ಬೇರೆಡೆ ಕಟ್ಟಿಸಿದರು; ಅಲ್ಲಿ ಸಮುದ್ರದ ಉಬ್ಬರವಿಳಿತಕ್ಕೆ ಸಿಕ್ಕಿ ಮುಳುಗಿತು. ಸಮುದ್ರದ ಅಪಾಯಕ್ಕೆ ವಿಮೆ ಇತ್ತು, ಯುದ್ಧಕೃತ್ಯಕ್ಕೆ ಇರಲಿಲ್ಲ. 1918ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಮುಳುಗಿಸಿದ್ದು ಸಮುದ್ರವಲ್ಲ, ಟಾರ್ಪಿಡೊ ಎಂದಿತು. ಆ ತರ್ಕ ಅಲ್ಲಿ ಹಡಗಿನ ಮಾಲೀಕರಿಗೆ ವಿರುದ್ಧವಾಯಿತು. ಇಲ್ಲಿ ನಿಮಗೆ ಅನುಕೂಲವಾಗಿದೆ. ನೀರು ಸುರಿದದ್ದು ಬೆಂಕಿಯ ದೆಸೆಯಿಂದ, ಆದ್ದರಿಂದ ನೀರಿನ ಹಾನಿಯೂ ಬೆಂಕಿಯ ಲೆಕ್ಕಕ್ಕೇ ಸೇರುತ್ತದೆ. ಯಾರಾದರೂ ಒದ್ದೆ ಸರಕನ್ನು ಕ್ಲೇಮಿನಿಂದ ಹೊರಗಿಟ್ಟರೆ ಒಪ್ಪಬೇಡಿ.

ಇನ್ನು ಮೊತ್ತ. ವಿಮೆಯ ಹಣ ನಷ್ಟಕ್ಕೆ ಮೊದಲು ನೀವಿದ್ದ ಸ್ಥಿತಿಗೆ ನಿಮ್ಮನ್ನು ತಂದು ನಿಲ್ಲಿಸಬೇಕು, ಅದಕ್ಕಿಂತ ಮೇಲಕ್ಕಲ್ಲ. ಇದೇ ನಷ್ಟಭರ್ತಿಯ ತತ್ತ್ವ. ಮಾರಾಟ ಬೆಲೆಯಲ್ಲಿ 20 ಲಕ್ಷ ಆಗುವ ಸರಕನ್ನು ಮತ್ತೆ ಗೋದಾಮಿಗೆ ತಂದಿಳಿಸಲು ನಿಮಗೆ ತಗಲುವುದು 17 ಲಕ್ಷ. ನಡುವಿನ 3 ಲಕ್ಷ ಇನ್ನೂ ಗಳಿಸದ ಲಾಭ. ಅದು ನಿಜವಾದ ನಷ್ಟವೇ, ಸುಳ್ಳಲ್ಲ. ಆದರೆ ಅದಕ್ಕೆ ಲಾಭನಷ್ಟದ ವಿಮೆ ಎಂಬ ಬೇರೆ ಪಾಲಿಸಿ ಇರಬೇಕು. ಸರಕಿನ ಪಾಲಿಸಿಯಿಂದ ಅದು ಬರುವುದಿಲ್ಲ. ಅಸಲು ಎಂದರೆ ಬರೀ ಬಿಲ್ಲಿನ ಬೆಲೆಯಲ್ಲ ಎಂಬುದನ್ನೂ ಗಮನಿಸಿ: ಸರಕು ಗೋದಾಮಿಗೆ ಬಂದು ಬೀಳುವವರೆಗಿನ ಸಾಗಣೆ, ಇಳಿಸುವ ಕೂಲಿ ಸೇರಬೇಕು. ಖರೀದಿಯ ಮೇಲೆ ಕಟ್ಟಿ ಸರ್ಕಾರದಿಂದ ವಾಪಸು ಪಡೆಯುವ ತೆರಿಗೆ ಸೇರಬಾರದು. ಆದರೆ ಸರಕು ನಾಶವಾದ ಕಾರಣಕ್ಕೆ ಆ ತೆರಿಗೆ ವಾಪಸು ಸಿಗದೆ ಹೋದರೆ ಅದೂ ಅಸಲೇ ಆಗುತ್ತದೆ. ನಿಮ್ಮ 17 ಲಕ್ಷದಲ್ಲಿ ಸಾಗಣೆ ಕೂಡಿದೆಯೇ ಎಂದು ನೋಡಿಕೊಳ್ಳಿ.

ಈಗ 80 ಲಕ್ಷ. ಸುಟ್ಟ ಸರಕನ್ನು ಪೂರ್ತಿಯಾಗಿ ಎಣಿಸಲಾಗದು, ಆದ್ದರಿಂದ ಸರ್ವೇಯರ್ ಪುಸ್ತಕದಿಂದ ಹಿಂದಕ್ಕೆ ಹೋಗುತ್ತಾರೆ. ವರ್ಷದ ಆರಂಭದ ದಾಸ್ತಾನಿಗೆ ಬೆಂಕಿಯ ದಿನದವರೆಗಿನ ಖರೀದಿ ಕೂಡಿಸಿ, ಅದೇ ಅವಧಿಯ ಮಾರಾಟದ ಅಸಲನ್ನು ಕಳೆಯುತ್ತಾರೆ. ಆರಂಭದ ದಾಸ್ತಾನು 50 ಲಕ್ಷ, ಖರೀದಿ 200 ಲಕ್ಷ, ಮಾರಾಟ 200 ಲಕ್ಷ, ಹಿಂದಿನ ವರ್ಷಗಳ ಒಟ್ಟು ಲಾಭ ಮಾರಾಟದ ಶೇ. 15 ಎಂದುಕೊಳ್ಳಿ. ಮಾರಾಟದ ಅಸಲು 170. ಐವತ್ತಕ್ಕೆ ಇನ್ನೂರು ಕೂಡಿಸಿ ನೂರೆಪ್ಪತ್ತು ಕಳೆದರೆ 80. ಹಾಳಾಗದೆ ಉಳಿದದ್ದನ್ನು ಎಣಿಸಿದಾಗ 63 ಬಂದರೆ, ಹೋದದ್ದು 17. ಹೀಗೆ ಪುಸ್ತಕದಿಂದ ಬಂದ ನಷ್ಟವೂ ನಿಮ್ಮ ಕ್ಲೇಮಿನ ಅಸಲು 17 ಲಕ್ಷವೂ ತಾಳೆಯಾದರೆ ಅದು ನಿಮ್ಮ ಪುಣ್ಯ. ಎಷ್ಟೋ ಕಡೆ ಆಗುವುದಿಲ್ಲ, ಆಗ ಅನುಮಾನ ಶುರುವಾಗುತ್ತದೆ.

ತಾಳೆಯಾಗದಿರಲು ಸಾಮಾನ್ಯವಾಗಿ ಮೋಸ ಕಾರಣವಲ್ಲ. ಬಿಲ್ಲು ಪುಸ್ತಕಕ್ಕೆ ಬಂದಿರುತ್ತದೆ, ಸರಕು ಇನ್ನೂ ದಾರಿಯಲ್ಲಿರುತ್ತದೆ. ಗಿರಾಕಿ ವಾಪಸು ಕಳಿಸಿದ ಮಾಲು ಗೋದಾಮಿನಲ್ಲಿರುತ್ತದೆ, ವಾಪಸಾತಿಯ ನಮೂದು ಆಗಿರುವುದಿಲ್ಲ. ಮಾರಿ ಬಿಲ್ ಮಾಡಿದ್ದನ್ನು ಗಿರಾಕಿ ಒಯ್ದೇ ಇರುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ಲಾಭದ ದರ. ಮೇಲಿನ ಲೆಕ್ಕದಲ್ಲಿ ದರ ಶೇ. 1 ಆಚೀಚೆ ಆದರೆ ದಾಸ್ತಾನು 2 ಲಕ್ಷ ಆಚೀಚೆ ಆಗುತ್ತದೆ. ಶೇ. 12 ಎಂದು ಹಿಡಿದರೆ ದಾಸ್ತಾನು 74, ಹೋದದ್ದು ಬರೀ 11 ಲಕ್ಷ. ನೀವು ಈ ವರ್ಷ ರಿಯಾಯಿತಿ ಮಾರಾಟ ನಡೆಸಿದ್ದರೆ ಅಥವಾ ಹೆಚ್ಚು ಲಾಭದ ಸರಕಿಗೆ ಹೊರಳಿದ್ದರೆ ಹಿಂದಿನ ವರ್ಷದ ದರ ಅನ್ವಯವಾಗದು. ಅದನ್ನು ಬಿಲ್ಲು ಸಮೇತ ತೋರಿಸುವ ಹೊಣೆ ನಿಮ್ಮದು.

ಗೋದಾಮಿನಲ್ಲಿದ್ದದ್ದು 80, ವಿಮೆ 60. ಇಲ್ಲಿ ಆವರೇಜ್ ಷರತ್ತು ಬರುತ್ತದೆ, ನಿಮಗೆ ಅತಿ ಹೆಚ್ಚು ಹೊಡೆತ ಕೊಟ್ಟದ್ದೂ ಇದೇ. ಪ್ರೀಮಿಯಂ ಲೆಕ್ಕ ಹಾಕುವುದು ಇಡೀ ಸರಕಿನ ಬೆಲೆಯ ಮೇಲೆ, ಏಕೆಂದರೆ ಬೆಂಕಿ ಯಾವ ಮೂಲೆಗೆ ಬೀಳುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಮುಕ್ಕಾಲು ಸರಕಿಗೆ ಮಾತ್ರ ಪ್ರೀಮಿಯಂ ಕಟ್ಟಿದವರು ಉಳಿದ ಕಾಲು ಭಾಗಕ್ಕೆ ತಾವೇ ವಿಮಾ ಕಂಪನಿಯಾಗಿ ನಿಂತಂತೆ. ಆದ್ದರಿಂದ ಚಿಕ್ಕ ನಷ್ಟವಾದರೂ ಅದರ ಕಾಲು ಭಾಗ ಅವರದೇ. 60 ಲಕ್ಷ ಎಂಬುದು ಕಂಪನಿ ಕೊಡಬಹುದಾದ ಗರಿಷ್ಠ. ಅಷ್ಟರೊಳಗಿನದೆಲ್ಲ ಪೂರ್ತಿ ಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ವಿಮೆ ಮಾಡಿಸುವಾಗ ಇದನ್ನು ಯಾರೂ ಬಿಡಿಸಿ ಹೇಳದಿರುವುದು ನಿಜಕ್ಕೂ ಅನ್ಯಾಯ. ಆದರೆ ಪಾಲಿಸಿಯಲ್ಲಿ ಅಚ್ಚಾಗಿರುವವರೆಗೆ ಲೆಕ್ಕ ಹಾಗೆಯೇ ನಡೆಯುತ್ತದೆ.

ಆದರೆ ಕಡಿತ ಎಷ್ಟಾಗಬೇಕು? ಇಲ್ಲಿ ನಿಮ್ಮ ವರದಿ ಎಡವಿದೆ. ನಷ್ಟವನ್ನು ಅಳೆದ ಕೋಲಿನಿಂದಲೇ ಇಡೀ ದಾಸ್ತಾನನ್ನೂ ಅಳೆಯಬೇಕು. ಹಾಳಾದ 17 ಲಕ್ಷದಲ್ಲಿ ಹಳೆಯ ಸರಕಿಗೆ 1 ಲಕ್ಷ ಇಳಿಸಿದ್ದಾರೆ. ಅದು ಸರಿ, ಮಾರಾಟವಾಗದೆ ಕೂತ ಸರಕಿಗೆ ಹೊಸ ಸರಕಿನ ಬೆಲೆ ಇಲ್ಲ. ಹಾಗಿದ್ದರೆ ಉಳಿದ ಸರಕಿನಲ್ಲಿರುವ ಹಳೆಯದಕ್ಕೂ ಅದೇ ನ್ಯಾಯ ಸಲ್ಲಬೇಕು. ನೀವು ಹೇಳುವಂತೆ ಅಲ್ಲಿ 6 ಲಕ್ಷದ್ದು 2 ಲಕ್ಷ ಬಾಳುತ್ತದೆ, ಅಂದರೆ 4 ಲಕ್ಷ ಇಳಿಯಬೇಕು. ಹಾಳಾದದ್ದರ 1 ಲಕ್ಷವೂ ಸೇರಿ 80ರಿಂದ 5 ಹೋಗಿ 75 ಉಳಿಯುತ್ತದೆ. ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಡೋಣ.

ವರದಿಯ ಪ್ರಕಾರ: 17 ಲಕ್ಷದಲ್ಲಿ 1 ಲಕ್ಷ ಕಳೆದು 16, ಸಾಲ್ವೇಜ್ 1.60 ಕಳೆದು 14.40, ಅದರ 80ಕ್ಕೆ 60 ಪಾಲು 10.80, ಎಕ್ಸೆಸ್ 0.50 ಕಳೆದು 10.30 ಲಕ್ಷ.

ಆಗಬೇಕಾದದ್ದು: 14.40ರ 75ಕ್ಕೆ 60 ಪಾಲು 11.52; ಎಕ್ಸೆಸ್ 0.50 ಕಳೆದು 11.02 ಲಕ್ಷ.

ಇದನ್ನು ಕೇಳಲು ಹಳೆಯ ಸರಕಿನ ಪಟ್ಟಿ ಬೇಕು: ಖರೀದಿಯ ತಾರೀಕು, ಪ್ರಮಾಣ, ಅಸಲು, ಕೊನೆಯ ಸಲ ಯಾವಾಗ ಯಾವ ಬೆಲೆಗೆ ಮಾರಿದಿರಿ ಎಂಬುದು. ಬಾಯಿಮಾತಿನ 2 ಲಕ್ಷ ಸಾಲದು. ಒಂದು ಎಚ್ಚರಿಕೆ: ಹಿಂದಿನ ವರ್ಷದ ಲೆಕ್ಕಪತ್ರದಲ್ಲಿ ಅದೇ ಸರಕನ್ನು ಪೂರ್ತಿ ಅಸಲಿಗೆ ತೋರಿಸಿ ಅದರ ಮೇಲೆ ಬ್ಯಾಂಕಿನಿಂದ ಸಾಲ ಎತ್ತಿದ್ದರೆ, ಈಗ ಅದರ ಬೆಲೆ ಮೂರರಲ್ಲೊಂದು ಎನ್ನುವುದು ಕಷ್ಟ.

ಒಳ್ಳೆಯದೊಂದನ್ನೂ ಹೇಳಬೇಕು. ನಿಮ್ಮ ಸರ್ವೇಯರ್ ಸಾಲ್ವೇಜನ್ನು ಆವರೇಜ್‌ಗೆ ಮೊದಲೇ ಕಳೆದಿದ್ದಾರೆ, ಕ್ರಮ ಸರಿಯಿದೆ. ಹಿಂದುಮುಂದಾಗಿದ್ದರೆ, ಅಂದರೆ 16ರ ಮುಕ್ಕಾಲು 12 ಮಾಡಿ ಅದರಿಂದ 1.60 ಕಳೆದಿದ್ದರೆ, 10.80ರ ಜಾಗದಲ್ಲಿ 10.40 ಬರುತ್ತಿತ್ತು. ನಷ್ಟದ ಕಾಲು ಭಾಗ ನೀವು ಹೊರುವಾಗ ಉಳಿಕೆ ಮಾಲಿನ ಕಾಲು ಭಾಗವೂ ನಿಮಗೆ ಸೇರಬೇಕಲ್ಲವೇ? ಈ ತಪ್ಪು ಹಲವು ವರದಿಗಳಲ್ಲಿ ನುಸುಳುತ್ತದೆ, ಓದುವವರಿಗೆ ಹೊಳೆಯುವುದೂ ಇಲ್ಲ. ಎಕ್ಸೆಸ್ ಸಾಮಾನ್ಯವಾಗಿ ಕೊನೆಗೆ ಹೋಗುತ್ತದೆ. ನಿಮ್ಮ ಪಾಲಿಸಿಯ ವಾಕ್ಯ ಬೇರೆ ಹೇಳಿದರೆ ಅದೇ ನಡೆಯಬೇಕು. ಹಾಗೆಯೇ ಆವರೇಜ್ ಷರತ್ತಿನ ಮಾತುಗಳನ್ನು ಪೂರ್ತಿ ಓದಿ. ಕೊರತೆ ಇಂತಿಷ್ಟು ಶೇಕಡಾದೊಳಗಿದ್ದರೆ ಕಡಿತವಿಲ್ಲ ಎನ್ನುವ ಪಾಲಿಸಿಗಳಿವೆ, ಬೆಲೆಯ ಶೇ. 80ಕ್ಕೆ ವಿಮೆ ಇದ್ದರೆ ಸಾಕು ಎನ್ನುವವೂ ಇವೆ. ನಿಮ್ಮದು ಆ ಎರಡನೆಯ ಬಗೆಯದಾಗಿದ್ದರೆ 75 ಲಕ್ಷದ ಶೇ. 80 ಸರಿಯಾಗಿ 60 ಲಕ್ಷ: ಆವರೇಜ್ ಕಡಿತವೇ ಬೀಳುವುದಿಲ್ಲ.

ಸಾಲ್ವೇಜ್ 1.60 ಲಕ್ಷ ಎಲ್ಲಿಂದ ಬಂತು ಎಂದೂ ಕೇಳಿ. ಊಹೆಯ ಶೇಕಡಾವೇ, ಕೊಳ್ಳುವವರಿಂದ ಪಡೆದ ದರವೇ? ದರ ಪಡೆಯುವುದೇ ಸರಿಯಾದ ವಿಧಾನ. ಅವರು ಹೇಳಿದ ಬೆಲೆಗೆ ನಿಮಗೆ ಮಾರಲಾಗದಿದ್ದರೆ, ಆ ಬೆಲೆಗೆ ಕಂಪನಿಯೇ ಗಿರಾಕಿಯನ್ನು ಕರೆತರಲಿ ಎಂದು ಬರೆದು ಕೊಡಿ. ಒದ್ದೆ ಸರಕಿನ ವಿಷಯದಲ್ಲಿ ದಿನಗಳೆದಂತೆ ಬೆಲೆ ಇಳಿಯುತ್ತದೆ. ಹೊರಪೆಟ್ಟಿಗೆ ಮಾತ್ರ ನೆನೆದು ಒಳಗಿನದು ಸರಿಯಿದ್ದರೆ ನಷ್ಟ ಎಂದರೆ ಮರುಪ್ಯಾಕಿಂಗ್ ಖರ್ಚು ಮಾತ್ರ, ಆದರೆ ಎರಡು ವಾರ ಹಾಗೇ ಬಿಟ್ಟರೆ ಬೂಷ್ಟು ಒಳಗೂ ಹೋಗುತ್ತದೆ. ನಷ್ಟವನ್ನು ಬೆಳೆಯಲು ಬಿಡದಿರುವುದು ವಿಮೆ ಮಾಡಿಸಿದವರ ಕರ್ತವ್ಯ. ಸರ್ವೇಯರ್ ಬರುವವರೆಗೆ ಮುಟ್ಟಬಾರದು ಎಂಬ ಭಯದಲ್ಲಿ ಎಲ್ಲವನ್ನೂ ಕೊಳೆಯಲು ಬಿಡುವುದು ದೊಡ್ಡ ತಪ್ಪು. ಮೊದಲು ಫೋಟೊ ಮತ್ತು ವಿಡಿಯೊ, ಆಮೇಲೆ ಒಣಗಿದ್ದು, ಒದ್ದೆಯಾದದ್ದು, ಸುಟ್ಟದ್ದು ಎಂದು ಮೂರು ರಾಶಿ, ಪ್ರತಿ ರಾಶಿಗೂ ಎಣಿಕೆಯ ಪಟ್ಟಿ, ಕಂಪನಿಗೆ ಲಿಖಿತ ಸೂಚನೆ. ಇಷ್ಟು ಮಾಡಿ ಸರಿಸಿದರೆ ಯಾರೂ ಆಕ್ಷೇಪಿಸಲಾಗದು. ಎಸೆಯುವುದನ್ನು ಮಾತ್ರ ಜಂಟಿ ಪರಿಶೀಲನೆ ಮುಗಿಯುವ ತನಕ ಮಾಡಬೇಡಿ. ಬೂದಿಯ ರಾಶಿಯಲ್ಲೂ ಡಬ್ಬಿಯ ಮುಚ್ಚಳ, ಬಕಲ್, ಮೊಳೆಗಳಿಂದ ಎಷ್ಟು ನಗ ಇತ್ತು ಎಂದು ಎಣಿಸಿ ತೆಗೆಯಬಹುದು.

ಸರ್ವೇಯರ್ ಯಾರ ಪರ ಎಂದಿರಿ. ನೇಮಿಸಿ ಶುಲ್ಕ ಕೊಡುವುದು ಕಂಪನಿ, ಆದರೆ ಅವರ ಕೆಲಸ ಪಾಲಿಸಿಯ ಮಾತಿನ ಪ್ರಕಾರ ನಷ್ಟವನ್ನು ಅಳೆಯುವುದು, ಕಂಪನಿಗೆ ಹಣ ಉಳಿಸಿಕೊಡುವುದಲ್ಲ. ಕೊಡಬೇಕೋ ಬೇಡವೋ ಎಂಬ ಕೊನೆಯ ನಿರ್ಧಾರ ಕಂಪನಿಯದು. ವರದಿ ಅದಕ್ಕೆ ಆಧಾರ. ಕಡಿತವಿದ್ದರೆ ಪ್ರತಿಯೊಂದಕ್ಕೂ ಕಾರಣ ಬರೆಯಬೇಕು. ನಿಮ್ಮ ಪರವಾಗಿಯೇ ಅಳೆಯುವವರು ಬೇಕೆಂದರೆ ಹಲವು ಕಡೆ ವಿಮೆ ಮಾಡಿಸಿದವರ ಪರ ಕೆಲಸ ಮಾಡುವ ತಜ್ಞರು ಶುಲ್ಕಕ್ಕೆ ಸಿಗುತ್ತಾರೆ. 72 ಸಾವಿರದ ತಕರಾರಿಗೆ ಆ ಖರ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಲೆಕ್ಕಿಗರೊಬ್ಬರು ಬರೆದ ಎರಡು ಪುಟದ ಪತ್ರ ಸಾಕು.

ಆ ಪತ್ರದಲ್ಲಿ ಮಾಡಬಾರದ ಕೆಲಸವೊಂದಿದೆ. ಹೇಗೂ ಕಡಿಮೆ ಮಾಡುತ್ತಾರೆ ಎಂದು ಮೊದಲೇ ಏರಿಸಿ ಬರೆಯುವ ಅಭ್ಯಾಸ ವ್ಯಾಪಾರದಲ್ಲಿ ನಡೆದೀತು, ಕ್ಲೇಮಿನಲ್ಲಿ ಅಪಾಯ. ವಿಮೆ ಎರಡೂ ಕಡೆಯ ಪೂರ್ಣ ಪ್ರಾಮಾಣಿಕತೆಯ ಮೇಲೆ ನಿಂತ ಕರಾರು. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರ್ ಮತ್ತು ಬೋಮ್ ನಡುವಿನ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟಪಡಿಸಿದರು. ಬೇಕೆಂದೇ ಮಾಡಿದ ಒಂದು ಸುಳ್ಳು ಬಿಲ್ಲು ಇಡೀ ಕ್ಲೇಮನ್ನು, ನಿಜವಾದ ಭಾಗವನ್ನೂ ಸೇರಿಸಿ, ಬೀಳಿಸಬಹುದು ಎಂಬ ಷರತ್ತು ಹೆಚ್ಚಿನ ಪಾಲಿಸಿಗಳಲ್ಲಿದೆ. ನೀವು ಮಾರಾಟ ಬೆಲೆಯಲ್ಲಿ 20 ಲಕ್ಷ ಕೇಳಿದ್ದು ಸುಳ್ಳಲ್ಲ, ಅಳತೆಯ ತಪ್ಪು. ಅದನ್ನು ನೀವೇ ತಿದ್ದಿ 17 ಎಂದು ಬರೆದರೆ, 75 ಲಕ್ಷದ ಬಗ್ಗೆ ನೀವು ಹೇಳುವ ಮಾತಿಗೆ ತೂಕ ಬರುತ್ತದೆ.

ಇದೇ ಸರಕಿಗೆ ಬೇರೆ ಕಂಪನಿಯ ಪಾಲಿಸಿಯೂ ಇದ್ದರೆ, ಉದಾಹರಣೆಗೆ ಸಾಲ ಕೊಟ್ಟ ಬ್ಯಾಂಕು ತಾನಾಗಿ ಮಾಡಿಸಿದ್ದು, ಈಗಲೇ ತಿಳಿಸಿ. ಎರಡೂ ಕಡೆಯಿಂದ ಪೂರ್ತಿ ಹಣ ಬರುವುದಿಲ್ಲ, ಕಂಪನಿಗಳು ತಮ್ಮತಮ್ಮ ಪಾಲಿನಂತೆ ಹಂಚಿಕೊಳ್ಳುತ್ತವೆ. ಆದರೆ ಎರಡು ಪಾಲಿಸಿಗಳ ಮೊತ್ತ ಸೇರಿ 75 ಲಕ್ಷ ಮುಟ್ಟಿದರೆ ವಿಮೆಯ ಕೊರತೆಯೇ ಉಳಿಯದೆ ಹೋಗಬಹುದು. ಮರೆತ ಪಾಲಿಸಿಯೊಂದು ಕೆಲಸಕ್ಕೆ ಬರುವುದು ಹೀಗೆ. ಇನ್ನು ವೈರಿಂಗ್ ಮಾಡಿದ ಗುತ್ತಿಗೆದಾರರ ತಪ್ಪಿನಿಂದ ಬೆಂಕಿ ಬಂದದ್ದಾದರೆ, ಪರಿಹಾರ ಕೊಟ್ಟ ಮೇಲೆ ಅವರಿಂದ ವಸೂಲಿ ಮಾಡುವ ನಿಮ್ಮ ಹಕ್ಕು ಕಂಪನಿಗೆ ಹೋಗುತ್ತದೆ. ಹಾಗಾಗಿ ಅವರೊಂದಿಗೆ ಒಳಗೊಳಗೇ ರಾಜಿ ಮಾಡಿಕೊಂಡು ಕಾಗದ ಬರೆದುಕೊಡಬೇಡಿ. ಕಂಪನಿಯ ಹಕ್ಕನ್ನು ಕೆಡಿಸಿದಿರಿ ಎಂದು ನಿಮ್ಮ ಪರಿಹಾರಕ್ಕೇ ಕುತ್ತು ಬಂದೀತು.

ಮುಂದಿನ ಪಾಲಿಸಿಗೆ ಒಂದು ಮಾತು. ದಾಸ್ತಾನು ತಿಂಗಳಿಂದ ತಿಂಗಳಿಗೆ ಏರಿಳಿಯುವ ವ್ಯಾಪಾರಕ್ಕೆ ಸರಾಸರಿ ಮೊತ್ತದ ವಿಮೆ ಯಾವತ್ತೂ ಸರಿಹೊಂದದು. ಅತಿ ಹೆಚ್ಚು ಸರಕಿರುವ ದಿನದ ಬೆಲೆಗೆ ಪಾಲಿಸಿ ತೆಗೆದುಕೊಂಡು, ತಿಂಗಳಿಗೊಮ್ಮೆ ನಿಜವಾದ ದಾಸ್ತಾನನ್ನು ತಿಳಿಸಿ, ವರ್ಷದ ಕೊನೆಯಲ್ಲಿ ಹೆಚ್ಚುವರಿ ಪ್ರೀಮಿಯಂ ವಾಪಸು ಪಡೆಯುವ ಘೋಷಣಾ ಪಾಲಿಸಿ ಸಿಗುತ್ತದೆಯೇ ಕೇಳಿ. ತಿಂಗಳ ಘೋಷಣೆ ತಪ್ಪಿದರೆ ಸಾಮಾನ್ಯವಾಗಿ ಆ ತಿಂಗಳು ಪೂರ್ತಿ ಮೊತ್ತ ಇತ್ತೆಂದೇ ಹಿಡಿಯುತ್ತಾರೆ, ವಾಪಸು ಬರುವುದು ಕಡಿಮೆಯಾಗುತ್ತದೆ.

ಕೊನೆಯದಾಗಿ ಸಹಿ. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದು ಬರೆದ ಡಿಸ್ಚಾರ್ಜ್ ವೋಚರ್‌ಗೆ ಸುಮ್ಮನೆ ಸಹಿ ಹಾಕಿದರೆ ಉಳಿದದ್ದನ್ನು ಕೇಳುವ ದಾರಿ ಬಹುಪಾಲು ಮುಚ್ಚುತ್ತದೆ. ಈ ವಾರ ಸಹಿ ಮಾಡಬೇಡಿ. ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. 10.30 ಲಕ್ಷದ ಬಗ್ಗೆ ತಕರಾರಿಲ್ಲ, ಅದನ್ನು ಮುಂಗಡವಾಗಿ ಬಿಡುಗಡೆ ಮಾಡಿ, ದಾಸ್ತಾನಿನ ಬೆಲೆ 80ರ ಬದಲು 75 ಎಂಬುದನ್ನು ಮರುಪರಿಶೀಲಿಸಿ ಎಂದು ಹಳೆಯ ಸರಕಿನ ಪಟ್ಟಿಯೊಂದಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಣದ ತುರ್ತಿನಿಂದ ಸಹಿ ಮಾಡಲೇಬೇಕಾಗಿ ಬಂದರೆ, ‘10.30 ಲಕ್ಷ ಮಾತ್ರ ಸ್ವೀಕರಿಸಿದ್ದೇನೆ, ಉಳಿದ 0.72 ಲಕ್ಷದ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ’ ಎಂದು ವೋಚರ್ ಮೇಲೆಯೇ ಕೈಯಲ್ಲಿ ಬರೆದು, ಅದರ ಕೆಳಗೆ ಸಹಿ ಮಾಡಿ, ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಕೊಡಿ.